ಮೋಡ ಕವಿದಾಗ ಸತ್ಯವಿಶ್ವಾಸಿಯ ನಡೆ

ಹಿಂಗಾರಿನ ದಿನಗಳು ಬಂತೆಂದರೆ ಬಂಗಾಳ ಕೊಲ್ಲಿಯ ಕಡೆಯಿಂದ ಸುದ್ದಿ ಬರತೊಡಗುತ್ತದೆ. ವಾಯುಭಾರ ಕುಸಿತ ಉಂಟಾಗಿದೆ, ಅದು ಚಂಡಮಾರುತವಾಗಿ ಬಲಗೊಳ್ಳಬಹುದು, ತಮಿಳುನಾಡು ಅಥವಾ ಆಂಧ್ರದ ಕರಾವಳಿಯನ್ನು ದಾಟಬಹುದು ಎಂದು ಹವಾಮಾನ ಇಲಾಖೆ ತಿಳಿಸುತ್ತದೆ. ಮರುದಿನ ಚಾಮರಾಜಪೇಟೆಯ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಸವನಗುಡಿಯ ಮರಗಳ ಕೆಳಗೆ ನಡುಹಗಲಲ್ಲೇ ಮಬ್ಬು ಕವಿಯುತ್ತದೆ. ಹಿರಿಯರು ಶಾಲು ಹೊದ್ದು ಕೂರುತ್ತಾರೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ‘ಮಾಂಡೌಸ್’ ಬಂದಾಗ, 2024ರ ನವೆಂಬರ್ ಕೊನೆಗೆ ‘ಫೆಂಗಲ್’ ಪುದುಚೇರಿಯ ಬಳಿ ದಡ ಸೇರಿದಾಗ ನಾವು ಕಂಡದ್ದು ಇದನ್ನೇ.

ಈ ಹೆಸರುಗಳ ಬಗ್ಗೆ ಒಂದು ಮಾತು. ‘ಫೆಂಗಲ್’ ಸೌದಿ ಅರೇಬಿಯ ಸೂಚಿಸಿದ ಹೆಸರೆಂದು ತಿಳಿದಾಗ ಕೆಲವರು ಅದರಲ್ಲಿ ಏನೋ ಗೂಢಾರ್ಥವಿದೆಯೆಂದು ಭಾವಿಸಿದರು. ಹಾಗೇನೂ ಇಲ್ಲ. ಈ ಭಾಗದ 13 ದೇಶಗಳು ಸರದಿಯ ಪ್ರಕಾರ ಹೆಸರು ಕೊಡುತ್ತವೆ. ಸುದ್ದಿಯಲ್ಲಿ ಒಂದು ಬಿರುಗಾಳಿಗೂ ಇನ್ನೊಂದಕ್ಕೂ ಗೊಂದಲವಾಗಬಾರದು ಎಂಬುದಷ್ಟೇ ಅದರ ಉದ್ದೇಶ.

ನಮ್ಮ ನಗರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕೊಲ್ಲಿಯ ತೀರ ಇಲ್ಲಿಂದ ಸುಮಾರು 300 ಕಿ.ಮೀ. ದೂರ. ಚಂಡಮಾರುತವು ಬೆಚ್ಚಗಿನ ಕಡಲ ನೀರಿನಿಂದ ಶಕ್ತಿ ಪಡೆಯುತ್ತದೆ. ನೆಲಕ್ಕೆ ಬಂದೊಡನೆ ಆ ಶಕ್ತಿಯ ಮೂಲ ಕಡಿದುಹೋಗಿ ಅದು ಕುಗ್ಗತೊಡಗುತ್ತದೆ. ಇಲ್ಲಿಗೆ ತಲುಪುವಾಗ ಗಾಳಿಯ ಆರ್ಭಟ ಅಡಗಿ ಸೋನೆ ಮಳೆ ಮತ್ತು ಚಳಿ ಉಳಿದಿರುತ್ತದೆ. ಇದು ಅಲ್ಲಾಹನು ನಮಗೆ ಕರುಣಿಸಿದ ರಕ್ಷಣೆ. ಆದರೆ ಇದೇ ರಕ್ಷಣೆ ನಮ್ಮನ್ನು ಅಲಕ್ಷ್ಯಕ್ಕೂ ದೂಡಿದೆ. “ಬೆಂಗಳೂರಿಗೆ ಏನಾಗುತ್ತದೆ ಬಿಡಿ” ಎಂಬ ಮಾತು ಪ್ರತಿ ವರ್ಷ ಕೇಳಿಬರುತ್ತದೆ.

ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 1997ರ ಅಕ್ಟೋಬರ್ 1ರಂದು ಒಂದೇ ದಿನದ ಲೆಕ್ಕದಲ್ಲಿ ಇಲ್ಲಿ ಸುಮಾರು 178 ಮಿ.ಮೀ. ಮಳೆ ದಾಖಲಾಯಿತು. 2021ರ ನವೆಂಬರ್‌ನಲ್ಲಿ ಯಲಹಂಕದ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಕಡೆಯ ಶ್ರೀಮಂತರು ಟ್ರ್ಯಾಕ್ಟರ್ ಹತ್ತಿ ಮನೆ ಬಿಟ್ಟರು. 2023ರ ಮೇ 21ರಂದು ಸುರಿದ ಮಳೆಗೆ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಬಿಟ್ಟಳು. ವಿಧಾನಸೌಧದಿಂದ ಕೂಗಳತೆಯ ದೂರದಲ್ಲಿ!

ಪ್ರಿಯ ಓದುಗರೇ, ಮೋಡ ಕಂಡಾಗ ಪ್ರವಾದಿವರ್ಯರ(ಸ) ಸ್ಥಿತಿ ಹೇಗಿತ್ತು? ಹ. ಆಯಿಶಾ(ರ) ಅದನ್ನು ವಿವರಿಸಿದ್ದಾರೆ. ಆಕಾಶದಲ್ಲಿ ಮೋಡ ಕವಿದರೆ ಅವರ ಮುಖದ ಬಣ್ಣ ಬದಲಾಗುತ್ತಿತ್ತು. ಒಳಗೂ ಹೊರಗೂ ನಡೆದಾಡುತ್ತಿದ್ದರು. ಮಳೆ ಸುರಿಯತೊಡಗಿದ ಮೇಲೆಯೇ ಅವರಿಗೆ ಸಮಾಧಾನ. ಜನರು ಮೋಡ ಕಂಡು ಸಂತೋಷಪಡುವಾಗ ತಾವೇಕೆ ಕಳವಳಪಡುತ್ತೀರೆಂದು ಆಯಿಶಾ(ರ) ವಿಚಾರಿಸಿದರು. ಆದ್ ಜನಾಂಗವೂ ತಮ್ಮ ಕಣಿವೆಗಳತ್ತ ಬರುತ್ತಿದ್ದ ಮೋಡವನ್ನು ಕಂಡು ಮಳೆ ಬರುತ್ತಿದೆಯೆಂದು ಹಿಗ್ಗಿತ್ತು, ಬಂದದ್ದು ಮಾತ್ರ ಯಾತನೆಯ ಬಿರುಗಾಳಿಯಾಗಿತ್ತು ಎಂಬುದನ್ನು ಅವರು ನೆನಪಿಸಿದರು. ಕುರ್‌ಆನಿನ ಅಹ್ಕಾಫ್ ಅಧ್ಯಾಯದಲ್ಲಿ ಈ ಘಟನೆಯಿದೆ.

ಇಲ್ಲಿ ನಾವು ನಿಂತು ಯೋಚಿಸಬೇಕು. ಅಲ್ಲಾಹನ ಅತ್ಯಂತ ಪ್ರೀತಿಪಾತ್ರರಾದ ಸಂದೇಶವಾಹಕರು ಮೋಡ ಕಂಡು ಹೆದರಿದ್ದು ತಮ್ಮ ಬಗ್ಗೆ ಮತ್ತು ತಮ್ಮವರ ಬಗ್ಗೆ. ನಾವಾದರೋ ಬೇರೆ ಊರಿನಲ್ಲಿ ನೆರೆ ಬಂದರೆ ಕೂಡಲೇ ತೀರ್ಪು ಕೊಡುತ್ತೇವೆ. ಆ ಜನರ ಪಾಪದ ಫಲವಂತೆ, ಅಝಾಬಂತೆ! ಈ ಅಧಿಕಾರ ನಮಗೆ ಯಾರು ಕೊಟ್ಟರು? ನೀರಿನಲ್ಲಿ ಮುಳುಗಿ ಸತ್ತವನನ್ನೂ ಗೋಡೆ ಕುಸಿದು ಸತ್ತವನನ್ನೂ ಪ್ರವಾದಿವರ್ಯರು(ಸ) ಶಹೀದರ ಸಾಲಿನಲ್ಲಿ ಎಣಿಸಿದ್ದಾರೆ. ಗಾಳಿಯನ್ನು ಬೈಯುವುದನ್ನೂ ಅವರು ನಿಷೇಧಿಸಿದ್ದಾರೆ. ಗಾಳಿಯನ್ನೇ ಬೈಯಬಾರದೆಂದ ಮೇಲೆ ಗಾಳಿಗೆ ಸಿಕ್ಕಿ ಮನೆ ಕಳಕೊಂಡವನನ್ನು ಹಳಿಯಬಹುದೇ?

ಇನ್ನೊಂದು ತಪ್ಪು ತಿಳುವಳಿಕೆ ಇದಕ್ಕಿಂತಲೂ ಅಪಾಯಕಾರಿ. ನಮ್ಮ ಮದ್ರಸಕ್ಕೆ ಬರುವ ಕೆಲವು ಮಕ್ಕಳು ರಾಜಕಾಲುವೆಯ ಅಂಚಿನ ವಠಾರಗಳಲ್ಲಿ ವಾಸಿಸುತ್ತಾರೆ. ಜೋರು ಮಳೆಯ ಮರುದಿನ ಅವರ ಖಾಯಿದಾ ಪುಸ್ತಕಗಳು ಒದ್ದೆಯಾಗಿ ಉಬ್ಬಿರುತ್ತವೆ. ಮಳೆಗಾಲ ಮುಗಿಯುವವರೆಗೆ ಸಂಬಂಧಿಕರ ಮನೆಗೆ ಹೋಗಬಾರದೇ ಎಂದು ಕೇಳಿದರೆ ಹಿರಿಯರ ಉತ್ತರ ಒಂದೇ: “ಹಜ್ರತ್, ಅಲ್ಲಾಹ್ ಇದ್ದಾನೆ. ತಕ್ದೀರಿನಲ್ಲಿ ಇದ್ದದ್ದು ತಪ್ಪುತ್ತದೆಯೇ?” ಬೇರೆ ಮನೆಗೆ ಬಾಡಿಗೆ ಕೊಡಲಾಗದ ಬಡತನ ಆ ಮಾತಿನ ಹಿಂದೆ ಇರುತ್ತದೆ, ಅದು ನನಗೆ ಗೊತ್ತು. ಆದರೂ ಬಿರುಕು ಬಿಟ್ಟ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸುವುದಕ್ಕೆ ತವಕ್ಕುಲ್ ಎಂಬ ಹೆಸರು ಕೊಡುವಂತಿಲ್ಲ.

ಹ. ಉಮರ್(ರ) ಸಿರಿಯಾದ ಕಡೆ ಪ್ರಯಾಣಿಸುತ್ತಾ ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಹರಡಿರುವ ಸುದ್ದಿ ಬಂತು. ಅವರು ಸಂಗಾತಿಗಳೊಂದಿಗೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವಿರಾ ಎಂದು ಹ. ಅಬೂ ಉಬೈದಾ(ರ) ಪ್ರಶ್ನಿಸಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಆತನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್‌ರ(ರ) ಉತ್ತರವಾಗಿತ್ತು. ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು. ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯಂತೆಯೇ ಅಲ್ಲವೇ ಎಂದು ಅವರು ಕೇಳಿದರು. ಸೋರುವ ಮನೆಯಿಂದ ಗಟ್ಟಿ ಮನೆಗೆ ಹೋಗುವವನೂ ವಿಧಿಯೊಳಗೇ ಇರುತ್ತಾನೆ. ನೂಹ್(ಅ) ಮಳೆಗೆ ಮೊದಲೇ ಹಡಗು ಕಟ್ಟಿದರು, ಯೂಸುಫ್(ಅ) ಬರಕ್ಕೆ ಮೊದಲೇ ಧಾನ್ಯ ಕೂಡಿಟ್ಟರು. ಇವರಿಗಿಂತ ದೊಡ್ಡ ತವಕ್ಕುಲ್ ನಮಗಿದೆಯೇ?

ಮುನ್ನೆಚ್ಚರಿಕೆಯ ಬೆಲೆಯನ್ನು ಇದೇ ಕೊಲ್ಲಿಯ ಚರಿತ್ರೆಯಿಂದ ತಿಳಿಯಬಹುದು. 1964ರ ಡಿಸೆಂಬರ್ 22ರ ರಾತ್ರಿ ಧನುಷ್ಕೋಡಿಯತ್ತ ಹೊರಟಿದ್ದ ರೈಲನ್ನು ಅಲೆಗಳು ಕೊಚ್ಚಿಕೊಂಡು ಹೋದವು, ಅದರಲ್ಲಿದ್ದವರಾರೂ ಉಳಿಯಲಿಲ್ಲ. ಆ ಊರು ಮತ್ತೆ ಊರಾಗಲೇ ಇಲ್ಲ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯಲ್ಲಿ ಕಡಲು ಊರೊಳಗೆ ನುಗ್ಗಿ ಸಾವಿರಾರು ಜನ ಸತ್ತರು. 1999ರ ಅಕ್ಟೋಬರ್ 29ರ ಮಹಾ ಚಂಡಮಾರುತಕ್ಕೆ ಒಡಿಶಾದಲ್ಲಿ ಸುಮಾರು 10,000 ಜನ ಬಲಿಯಾದರು. ಅದೇ ಒಡಿಶಾಕ್ಕೆ 2013ರ ಅಕ್ಟೋಬರ್ 12ರಂದು ‘ಫೈಲಿನ್’ ಬಂತು. ಅದೂ ಸಾಮಾನ್ಯ ಬಿರುಗಾಳಿಯಾಗಿರಲಿಲ್ಲ. ಆದರೆ ಉಪಗ್ರಹದ ಚಿತ್ರ ನೋಡಿ ದಿನಗಳ ಮೊದಲೇ ಎಚ್ಚರಿಕೆ ಕೊಡಲಾಗಿತ್ತು, ತೀರದಲ್ಲಿ ಆಶ್ರಯ ಕಟ್ಟಡಗಳು ಎದ್ದಿದ್ದವು, ಸುಮಾರು 10 ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ 50ನ್ನು ಮುಟ್ಟಲಿಲ್ಲ. ಕಡಲು ಅದೇ, ತೀರ ಅದೇ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡು ಎಂಬ ಪ್ರವಾದಿ ಬೋಧನೆಗೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ನನಗೆ ತಿಳಿದಿಲ್ಲ.

ಮದೀನಾದ ಒಂದು ಶುಕ್ರವಾರ ಖುತ್ಬಾದ ನಡುವೆ ಒಬ್ಬನು ಎದ್ದು ಬರದ ಸಂಕಟ ತೋಡಿಕೊಂಡನು. ಪ್ರವಾದಿವರ್ಯರು(ಸ) ಕೈಯೆತ್ತಿ ಪ್ರಾರ್ಥಿಸಿದರು. ಮಳೆ ಮುಂದಿನ ಶುಕ್ರವಾರದವರೆಗೆ ನಿಲ್ಲಲಿಲ್ಲ. ಆಗ ಮನೆಗಳು ಕುಸಿಯುತ್ತಿವೆಯೆಂಬ ದೂರು ಬಂತು. ಅವರು ಮಳೆಯನ್ನು ನಿಲ್ಲಿಸೆಂದು ಬೇಡಲಿಲ್ಲ. ನಮ್ಮ ಮೇಲಲ್ಲ, ನಮ್ಮ ಸುತ್ತಲೂ, ಗುಡ್ಡಗಳ ಮೇಲೆ, ಕಣಿವೆಗಳ ತಳದಲ್ಲಿ, ಮರಗಳ ಬುಡಕ್ಕೆ ಸುರಿಯಲೆಂದು ಬೇಡಿದರು. ಈ ದುಆವನ್ನು ನಾವೂ ಕಲಿತಿದ್ದೇವೆ. ಆದರೆ ಬೆಂಗಳೂರಿನಲ್ಲಿ ಕಣಿವೆಯ ತಳ ಎಲ್ಲಿದೆ? ಧರ್ಮಾಂಬುಧಿ ಕೆರೆಯ ಅಂಗಳ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಬಸವನಗುಡಿಯ ಕಡೆ ಹುಟ್ಟಿ ಮೈಸೂರು ರಸ್ತೆಯ ಗುಂಟ ಹರಿಯುವ ವೃಷಭಾವತಿ ಕೊಳಚೆಯ ಕಾಲುವೆಯಾಗಿದೆ. ನೀರಿಗೆ ಅಲ್ಲಾಹನು ಕೊಟ್ಟ ದಾರಿಯಲ್ಲಿ ನಾವು ಮನೆ ಕಟ್ಟಿ, ಕಸ ಸುರಿದು, ಆಮೇಲೆ ಕೈಯೆತ್ತುತ್ತೇವೆ. ಅನ್ಯಾಯವಾಗಿ ಕಬಳಿಸಿದ ಒಂದು ಗೇಣು ನೆಲ ಪರಲೋಕದಲ್ಲಿ ಕೊರಳಿಗೆ ಬೀಳುತ್ತದೆಂಬ ಎಚ್ಚರಿಕೆ ರಾಜಕಾಲುವೆಯ ನೆಲಕ್ಕೆ ಅನ್ವಯವಾಗುವುದಿಲ್ಲವೇ? ಕುರ್ಬಾನಿಯ ತ್ಯಾಜ್ಯವನ್ನು ಮೋರಿಗೆ ಎಸೆಯುವವರು ಈ ಮಾತನ್ನು ಎರಡು ಸಲ ಓದಲಿ.

ಇನ್ನು ಮಸೀದಿಯ ವಿಷಯ. ಕೆಸರು ತುಂಬಿದ ಒಂದು ಶುಕ್ರವಾರ ಹ. ಇಬ್ನು ಅಬ್ಬಾಸ್(ರ) ಅಝಾನಿನಲ್ಲಿ ನಮಾಝಿಗೆ ಬನ್ನಿರೆಂಬ ಕರೆಯ ಬದಲು ಮನೆಗಳಲ್ಲೇ ನಮಾಝ್ ಮಾಡಿರೆಂದು ಕೂಗಿಸಿದರು. ಜನ ಅಚ್ಚರಿಪಟ್ಟಾಗ ತನಗಿಂತ ಶ್ರೇಷ್ಠರಾದವರು ಹಾಗೆ ಮಾಡಿದ್ದಾರೆಂದರು. ವಿವರಗಳಲ್ಲಿ ಮದ್‌ಹಬ್‌ಗಳ ಅಭಿಪ್ರಾಯ ಭಿನ್ನವಾಗಿದೆ, ನಿಮ್ಮ ಇಮಾಮರನ್ನು ಕೇಳಿ. ಆದರೆ ಮೊಣಕಾಲುದ್ದ ನೀರಿನಲ್ಲಿ ಮುಚ್ಚಳವಿಲ್ಲದ ಮ್ಯಾನ್‌ಹೋಲ್ ಎಲ್ಲಿದೆಯೆಂದು ತಿಳಿಯದೆ ಎಪ್ಪತ್ತರ ಮುದುಕರು ಫಜ್ರ್‌ಗೆ ಬರಲೇಬೇಕೆಂದು ದೀನ್ ಹೇಳುವುದಿಲ್ಲ.

2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಅಲ್ಲಿನ ಮಸೀದಿಗಳು ಎಲ್ಲ ಧರ್ಮದವರಿಗೂ ಬಾಗಿಲು ತೆರೆದವು. ನೀರಿಳಿದ ಮೇಲೆ ಮುಸ್ಲಿಮ್ ಯುವಕರು ಮಸೀದಿಗಳ ಜೊತೆಗೆ ದೇವಾಲಯಗಳ ಕೆಸರನ್ನೂ ತೊಳೆದರು. ನಮ್ಮ ಜಮಾಅತ್ ಕಮಿಟಿಗಳು ಈಗಲೇ ಒಂದು ಸಂಜೆ ಇಶಾ ನಂತರ ಕೂತು ಮಾತನಾಡಲಿ. ಮೊಹಲ್ಲಾದಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ಅವರಲ್ಲಿ ಮುಸ್ಲಿಮೇತರರು ಯಾರು, ಯಾರ ಗೋಡೆ ಮಣ್ಣಿನದು? ನೆನೆದ ಮಣ್ಣಿನ ಗೋಡೆ ಮಳೆ ನಿಂತ ಮೇಲೂ ಕುಸಿಯುತ್ತದೆ ಎಂಬುದನ್ನು ಎಲ್ಲರಿಗೂ ಹೇಳಬೇಕು. ಅಂಥ ಮನೆಯವರ ಒಂದೆರಡು ತಿಂಗಳ ಬಾಡಿಗೆಯನ್ನು ಝಕಾತ್ ನಿಧಿಯಿಂದ ಕೊಡಬಹುದೇ ಎಂದು ಉಲಮಾಗಳಲ್ಲಿ ವಿಚಾರಿಸಲಿ. ಮಸೀದಿಯ ಮೇಲಂತಸ್ತಿನಲ್ಲಿ ಹತ್ತು ಚಾಪೆ, ಕಂಬಳಿ, ಒಂದು ಡ್ರಮ್ ಕುಡಿಯುವ ನೀರು, ಟಾರ್ಚ್ ಇರಲಿ. ಹವಾಮಾನ ಇಲಾಖೆ ಕೇಸರಿ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ರಾತ್ರಿ ಆ ಅಂತಸ್ತಿನ ಬೀಗದ ಕೈ ಯಾರ ಬಳಿಯಿದೆ ಎಂಬುದು ಮುಅಝ್ಝಿನರಿಗೂ, ಕಾಲುವೆಯ ಪಕ್ಕದ ಕೊನೆಯ ಮನೆಯವರಿಗೂ ತಿಳಿದಿರಲಿ.