ಅಂತ, ಕತೆ

ಯಡ್ರಾಮಿಯ ಚಹಾದಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತರೆ ಎಷ್ಟು 'ಅಂತ' ಕಿವಿಗೆ ಬೀಳುತ್ತವೋ ಲೆಕ್ಕವಿಲ್ಲ. 'ಅವ ಬಂದಾನಂತ', 'ಹೊಲ ಮಾರ್ಯಾರಂತ'. ಪುಸ್ತಕದ ಕನ್ನಡದಲ್ಲಿ 'ಎಂದು' ಬೇರೆ, 'ಅಂತೆ' ಬೇರೆ. ನಮ್ಮ ಕಡೆ ಎರಡೂ 'ಅಂತ'ವೇ. ಇಂಥವನು ಹೇಳಿದ ಎನ್ನುವುದಕ್ಕೂ ಅದೇ, ಯಾರು ಹೇಳಿದರೋ ಗೊತ್ತಿಲ್ಲದ್ದಕ್ಕೂ ಅದೇ.

ಮನೆಯೊಳಗಿನ ದಖನಿಯೂ ಕನ್ನಡದ ಜತೆ ಬಾಳಿ ಇದನ್ನೇ ಕಲಿತಿದೆ. ಶಾಲೆಯ ಉರ್ದು 'ಉಸ್‌ನೆ ಕಹಾ ಕೆ' ಎಂದು ಆಡಿದವನನ್ನು ಮುಂದಿಟ್ಟು ಮಾತು ಶುರು ಮಾಡುತ್ತದೆ. ದಖನಿ ಆಡಿದ ಮಾತನ್ನೆಲ್ಲ ಮುಗಿಸಿ ಕೊನೆಗೆ 'ಬೋಲಕೆ' ಎನ್ನುತ್ತದೆ. ಗಾಳಿಮಾತಾದರೆ 'ಕತೆ': 'ಉನೆ ಪೀತಾ ಕತೆ', ಅಂದರೆ ಅವನು ಕುಡಿಯುತ್ತಾನಂತೆ. 'ಕಹತೇ' ಸವೆದು 'ಕತೆ' ಆಗಿದೆ, ಕನ್ನಡದ ಕತೆಗೂ ಇದಕ್ಕೂ ಸಂಬಂಧವಿಲ್ಲ. ಕತೆ ಬರೆಯುವ ನನ್ನನ್ನು ಮಾತ್ರ ಈ ಹೋಲಿಕೆ ಚುಚ್ಚುತ್ತದೆ.

ಏಕೆಂದರೆ ಆ ವಾಕ್ಯ ನಾನೇ ಆಡಿದ್ದು. ಬಹಳ ವರ್ಷಗಳ ಹಿಂದೆ, ಬಳಗದ ಹುಡುಗಿಗೆ ನೋಡಿದ್ದ ವರನ ಬಗ್ಗೆ, ಊಟಕ್ಕೆ ಕೂತಾಗ. ಸಂಬಂಧ ಮುರಿಯಿತು. ಕುಡಿಯುತ್ತಿದ್ದವನು ಅದೇ ಹೆಸರಿನ ಬೇರೊಬ್ಬ ಎಂದು ತಿಳಿಯುವಷ್ಟರಲ್ಲಿ ಆ ಹುಡುಗನ ತಂದೆ ನಾಲ್ಕು ಜನರ ನಡುವೆ ಕೂರುವುದನ್ನೇ ಬಿಟ್ಟಿದ್ದರು. ನಾನು ಸುಳ್ಳು ಹೇಳಿರಲಿಲ್ಲ. ಜನ ಹಾಗೆ ಅನ್ನುತ್ತಾರೆ ಎಂದಿದ್ದೆ, ಜನ ಹಾಗೆ ಅನ್ನುತ್ತಿದ್ದುದೂ ನಿಜ. ವ್ಯಾಕರಣ ನನ್ನನ್ನು ಬಿಟ್ಟುಬಿಡುತ್ತದೆ. ದೀನ್ ಬಿಡುತ್ತದೆಯೇ?

ಹದೀಸ್ ವಿದ್ವಾಂಸರು ಈ ಕ್ರಿಯಾಪದಗಳನ್ನು ತಕ್ಕಡಿಯಲ್ಲಿಟ್ಟು ತೂಗಿದವರು. 'ಸಮಿಅ್‌ತು' ಎಂದರೆ ನಾನೇ ಕೇಳಿದೆ, 'ಹದ್ದಸನಾ' ಎಂದರೆ ನಮಗೆ ಹೇಳಿದರು. ಬರೀ 'ಅನ್', ಅಂದರೆ 'ಇಂಥವರಿಂದ' ಎಂದು ಬಂದರೆ, ಇಬ್ಬರೂ ಎಂದಾದರೂ ಭೇಟಿಯಾಗಿದ್ದರೇ ಎಂದು ಇಮಾಮ್ ಬುಖಾರಿ ವಿಚಾರಿಸುತ್ತಿದ್ದರು. ಇಮಾಮ್ ಮುಸ್ಲಿಂ ಇಲ್ಲಿ ಅಷ್ಟು ಬಿಗಿಯಲ್ಲ. ಆದರೂ ಅವರ ಸಂಗ್ರಹದ ಪೀಠಿಕೆಯಲ್ಲೇ, ಕೇಳಿದ್ದನ್ನೆಲ್ಲ ಹೇಳುತ್ತ ಹೋದರೆ ಮನುಷ್ಯ ಸುಳ್ಳುಗಾರನಾಗಲು ಅಷ್ಟೇ ಸಾಕು ಎಂಬ ಅರ್ಥದ ಹದೀಸ್ ಇದೆ.

ಮಲಯ ಭಾಷೆಯವರು ಇನ್ನೊಂದು ಬಗೆಯಲ್ಲಿ ತೂಗುತ್ತಾರೆ. ಅಲ್ಲಾಹನ ಮಾತಿಗೆ 'ಬೆರ್‌ಫಿರ್ಮಾನ್', ಪ್ರವಾದಿಯವರ ಮಾತಿಗೆ 'ಬೆರ್‌ಸಬ್ದಾ' (ಈ ಸಬ್ದಾ ನಮ್ಮ 'ಶಬ್ದ'ವೇ), ಸುಲ್ತಾನನ ಮಾತಿಗೆ 'ಬೆರ್‌ತಿತಾಹ್'. ಗಾಳಿಮಾತಿಗೆ 'ಕೊನೊನ್'. ಆಡುವವನಿಗೇ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ ಎಂಬ ಧ್ವನಿಯೂ ಅದರೊಳಗೆ ಇರುವುದುಂಟು.

ಹಾಗೆಂದು 'ಅಂತ'ವನ್ನು ಬೈಯುವುದು ಸರಿಯಲ್ಲ. ಕಣ್ಣಾರೆ ಕಂಡಿಲ್ಲ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅದಕ್ಕಿದೆ. ಮೊಬೈಲಿನಲ್ಲಿ ದಾಟಿಸುವ ಸುದ್ದಿಗೆ ಅಷ್ಟೂ ಇರುವುದಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಸುದ್ದಿ ದಾಟಿಸಿದವರಲ್ಲಿ ಎಷ್ಟು ಮಂದಿ ತಾವೂ ಕೈ ಎತ್ತಿದೆವು ಎಂದುಕೊಂಡಾರು? ನಾನೂ ಅಂದುಕೊಂಡಿರಲಿಲ್ಲ.

ಆ ರಾತ್ರಿ ಅಮ್ಮಿ ಒಂದೇ ಪ್ರಶ್ನೆ ಕೇಳಿದ್ದಳು: 'ಕೋನ್ ಬೋಲ್ಯಾ?' 'ಸಬ್ ಬೋಲ್ತೆ' ಎಂದು ರೊಟ್ಟಿ ಮುರಿದೆ. ಆ ಎಲ್ಲರಲ್ಲಿ ಒಬ್ಬನ ಹೆಸರೂ ಇವತ್ತಿಗೂ ನೆನಪಾಗುತ್ತಿಲ್ಲ.