ಒಡೆತನವೂ ಹಂಚಿಕೆಯೂ

ಮಾನವನಿಗೆ ತನ್ನ ಕೈಯಲ್ಲಿರುವ ವಸ್ತುವಿನ ಮೇಲೆ ಮಮತೆ ಹುಟ್ಟುವುದು ಸಹಜ. ರೈತನು ತನ್ನ ನೇಗಿಲನ್ನೂ, ನೇಕಾರನು ತನ್ನ ಮಗ್ಗವನ್ನೂ, ಅಕ್ಕಸಾಲಿಗನು ತನ್ನ ತಕ್ಕಡಿಯನ್ನೂ ಅಕ್ಕರೆಯಿಂದ ಕಾಣುತ್ತಾನೆ. ಆ ಅಕ್ಕರೆಗೆ ಕಾರಣ ಸ್ಪಷ್ಟವಾಗಿದೆ. ಆ ವಸ್ತುಗಳು ಅವರ ದುಡಿಮೆಯ ಸಂಗಾತಿಗಳು. ಆದರೆ ದುಡಿಮೆಗೆ ಬೇಕಿಲ್ಲದ, ಹೊಟ್ಟೆಬಟ್ಟೆಗೆ ಸಂಬಂಧವಿಲ್ಲದ ವಸ್ತುಗಳ ಮೇಲೂ ಮನಸ್ಸು ಅಷ್ಟೇ ಗಾಢವಾಗಿ, ಕೆಲವೊಮ್ಮೆ ಅದಕ್ಕಿಂತಲೂ ಗಾಢವಾಗಿ ನೆಟ್ಟುಬಿಡುತ್ತದೆ. ಈ ಕಾಲದಲ್ಲಿ ಅಂಥ ಮೋಹಕ್ಕೆ ಪಾತ್ರವಾದ ವಸ್ತುಗಳಲ್ಲಿ ಎರಡು ಎದ್ದು ಕಾಣುತ್ತವೆ. ಒಂದು ಅತಿವೇಗದ ಮೋಟಾರು ಕಾರು. ಇನ್ನೊಂದು ಸಂಗ್ರಹಕ್ಕೆಂದೇ ಕೊಂಡಿಡುವ ಬಂದೂಕು. ಎರಡೂ ಮನುಷ್ಯನ ತೋಳಿಗಿಲ್ಲದ ಬಲವನ್ನು ಅವನಿಗೆ ಒದಗಿಸುವ ಯಂತ್ರಗಳು. ಇವನ್ನು ಕೂಡಿಡುವ ಹವ್ಯಾಸಿಗಳು ಲೋಕದಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ಅವರು ಒಂದೆಡೆ ಸೇರಿ ತಮ್ಮ ತಮ್ಮ ವಸ್ತುಗಳನ್ನು ಒಬ್ಬರಿಗೊಬ್ಬರು ತೋರಿಸಿ ಆನಂದಪಡುತ್ತಾರೆ. ಈ ಆನಂದವು ಎಂಥದು? ಇದು ಕೇವಲ ಅಹಂಕಾರವೇ, ಅಥವಾ ಇದರಲ್ಲಿ ಒಪ್ಪಬಹುದಾದ ಅಂಶವೂ ಉಂಟೆ?

ಮೊದಲು ನ್ಯಾಯವಾಗಿ ಹೇಳಬೇಕಾದುದನ್ನು ಹೇಳಬೇಕು. ಚೆನ್ನಾಗಿ ಮಾಡಿದ ವಸ್ತುವನ್ನು ಕಂಡು ಸಂತೋಷಪಡುವುದು ಪಾಪವಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹವ್ಯಾಸಿಗಳು ರಜೆಯ ದಿನ ಬೆಳಗಿನ ಹೊತ್ತಿನಲ್ಲಿ ತಮ್ಮ ಕಾರುಗಳನ್ನು ಒಂದು ಬಯಲಿಗೆ ತಂದು ನಿಲ್ಲಿಸುವ ವಾಡಿಕೆಯಿದೆ. ಕಾಫಿ ಕುಡಿಯುತ್ತ, ಬಾನೆಟ್ಟು ತೆರೆದು, ಎಂಜಿನ್ನಿನ ಮರ್ಮವನ್ನು ಕೇಳಿದವರಿಗೆಲ್ಲ ವಿವರಿಸುತ್ತಾರೆ. ಕಾರಿಲ್ಲದ ಹುಡುಗನೂ ಅಲ್ಲಿಗೆ ಬಂದು ನೋಡಬಹುದು, ಪ್ರಶ್ನೆ ಕೇಳಬಹುದು. ಹಳೆಯ ಬಂದೂಕನ್ನು ಬಲ್ಲವನೂ ಹೀಗೆಯೇ, ಅದರ ನಳಿಗೆಯನ್ನು ಹೇಗೆ ಬೆಸೆದರು, ಹಿಡಿಯ ಮರವನ್ನು ಹೇಗೆ ಕಡೆದರು ಎಂಬುದನ್ನು ಗಂಟೆಗಟ್ಟಲೆ ಹೇಳಬಲ್ಲನು. ಇಂಥ ಮಾತಿನಲ್ಲಿ ವಸ್ತುವಿನ ಒಡೆಯನಿಗಿಂತ ಅದನ್ನು ಮಾಡಿದ ಕುಶಲಕರ್ಮಿಯೇ ಮುಂದೆ ಬರುತ್ತಾನೆ. ಸತ್ತು ನೂರು ವರ್ಷವಾದ ಕಮ್ಮಾರನಿಗೆ ಸಲ್ಲುವ ಗೌರವವದು. ಅದನ್ನು ಹಳಿಯುವುದು ವಿವೇಕವಲ್ಲ.

ಆದರೆ ಒಂದೇ ವಸ್ತುವನ್ನು ಇಟ್ಟುಕೊಳ್ಳುವುದರಲ್ಲಿ ಮೂರು ಬಗೆಗಳುಂಟು. ಬಚ್ಚಿಡುವುದು ಒಂದು, ಮೆರೆಸುವುದು ಇನ್ನೊಂದು, ಹಂಚಿಕೊಳ್ಳುವುದು ಮೂರನೆಯದು. ಹೊರಗಿನಿಂದ ನೋಡುವವರಿಗೆ ಇವುಗಳ ಭೇದವು ಸುಲಭವಾಗಿ ತಿಳಿಯದು. ಭೇದವು ವಸ್ತುವಿನಲ್ಲಿಲ್ಲ, ಒಡೆಯನ ಮನಸ್ಸಿನಲ್ಲಿದೆ. ಇದನ್ನು ವಿಶದಪಡಿಸಲು ಫ್ರಾನ್ಸ್ ದೇಶದಲ್ಲಿ ನಡೆದ ಒಂದು ವೃತ್ತಾಂತವು ಅತ್ಯಂತ ಉಪಯುಕ್ತವಾಗಿದೆ.

ಫ್ರಾನ್ಸಿನ ಪೂರ್ವಕ್ಕೆ ಅಲ್ಸಾಸ್ ಎಂಬ ಪ್ರಾಂತವಿದೆ. ಅಲ್ಲಿನ ಮೋಲ್ಸೈಮ್ ಎಂಬ ಊರಿನಲ್ಲಿ ಎಟ್ಟೋರೆ ಬುಗಾಟಿ ಎಂಬವನು 1909ರಲ್ಲಿ ಕಾರಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಇಟಲಿಯ ಮಿಲಾನಿನಲ್ಲಿ ಹುಟ್ಟಿದ ಈತನ ಕಾರುಗಳು ಪಂದ್ಯದಲ್ಲಿ ವೇಗಕ್ಕೂ, ನೋಟದಲ್ಲಿ ಚೆಲುವಿಗೂ ಹೆಸರಾದವು. ರಾಜಮಹಾರಾಜರಿಗೆಂದು ಅವನು ನಿರ್ಮಿಸಿದ ರಾಯಲ್ ಎಂಬ ಮಹಾಕಾರಿನ ಎಂಜಿನ್ನು 12 ಲೀಟರಿಗೂ ಮೀರಿದ ಗಾತ್ರದ್ದು. ಅಂಥ 25 ಕಾರುಗಳನ್ನು ಮಾಡಬೇಕೆಂದಿದ್ದರೂ ಆದದ್ದು ಆರು ಮಾತ್ರ. 1947ರಲ್ಲಿ ಎಟ್ಟೋರೆ ತೀರಿಕೊಂಡ ಮೇಲೆ ಆ ಕಾರ್ಖಾನೆಯ ವೈಭವವೂ ಇಳಿಯಿತು.

ಅದೇ ಪ್ರಾಂತದ ಮುಲೂಸ್ ನಗರದ ಸುತ್ತಮುತ್ತ ಹಾನ್ಸ್ ಶ್ಲುಂಫ್ ಮತ್ತು ಫ್ರಿಟ್ಜ್ ಶ್ಲುಂಫ್ ಎಂಬ ಸೋದರರು ಉಣ್ಣೆಯ ನೂಲಿನ ಗಿರಣಿಗಳನ್ನು ನಡೆಸುತ್ತಿದ್ದರು. ಕಿರಿಯನಾದ ಫ್ರಿಟ್ಜನಿಗೆ ಬುಗಾಟಿ ಕಾರುಗಳ ಮೇಲೆ ಅಪಾರ ಮೋಹ. 1960ರ ದಶಕದಲ್ಲಿ ಅವನು ದೇಶದೇಶಗಳಿಂದ ಅವನ್ನು ಕೊಳ್ಳತೊಡಗಿದನು. ಅಮೆರಿಕದ ಒಬ್ಬ ಸಂಗ್ರಾಹಕನಿಂದ 30 ಬುಗಾಟಿಗಳನ್ನು ಒಟ್ಟಿಗೇ ಕೊಂಡು ಹಡಗಿನಲ್ಲಿ ತರಿಸಿದನು. ಮುಲೂಸಿನ ಒಂದು ಹಳೆಯ ಗಿರಣಿಯ ಕಟ್ಟಡದೊಳಗೆ ಅವನ್ನೆಲ್ಲ ಸಾಲಾಗಿ ನಿಲ್ಲಿಸಲಾಯಿತು. ದುರಸ್ತಿಗೆ ನುರಿತ ಕೆಲಸಗಾರರು ನೇಮಕವಾದರು. ಒಳಗಿನ ವಿಷಯವನ್ನು ಹೊರಗೆ ಆಡಬಾರದೆಂದು ಅವರಿಗೆ ಕಟ್ಟಪ್ಪಣೆಯಾಯಿತು. ಪ್ಯಾರಿಸ್ಸಿನ ಪ್ರಸಿದ್ಧ ಸೇತುವೆಯ ದೀಪಸ್ತಂಭಗಳನ್ನೇ ಹೋಲುವ ನೂರಾರು ಕಂಬಗಳನ್ನು ನೆಟ್ಟು, ಆ ವಿಶಾಲವಾದ ಅಂಗಳವನ್ನು ಅರಮನೆಯ ಬೀದಿಯಂತೆ ಅಲಂಕರಿಸಲಾಯಿತು. ನಾನೂರಕ್ಕೂ ಹೆಚ್ಚು ಕಾರುಗಳು; ಅವುಗಳಲ್ಲಿ ಬುಗಾಟಿಗಳೇ ನೂರನ್ನು ಮೀರಿದ್ದವು; ಆರು ರಾಯಲ್‌ಗಳಲ್ಲಿ ಎರಡು ಅಲ್ಲಿದ್ದವು. ಇದನ್ನು ಸಂಗ್ರಹಾಲಯವಾಗಿ ತೆರೆಯುವ ಯೋಚನೆ ಸೋದರರಿಗೆ ಇದ್ದೇ ಇತ್ತು. ಆದರೆ ವರ್ಷಗಳು ಉರುಳಿದರೂ ಬಾಗಿಲು ಮಾತ್ರ ತೆರೆಯಲಿಲ್ಲ.

1970ರ ದಶಕದಲ್ಲಿ ಯೂರೋಪಿನ ಜವಳಿ ಉದ್ಯಮಕ್ಕೆ ಕೆಟ್ಟ ಕಾಲ ಬಂದಿತು. ಶ್ಲುಂಫ್ ಸೋದರರ ಗಿರಣಿಗಳೂ ನಷ್ಟಕ್ಕೀಡಾದವು, ಕೆಲಸಗಾರರನ್ನು ತೆಗೆದುಹಾಕುವ ಮಾತು ಹುಟ್ಟಿತು, ಮುಷ್ಕರಗಳಾದವು, ಸೋದರರು ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೊರಟುಹೋದರು. 1977ರ ಮಾರ್ಚಿಯಲ್ಲಿ ಕೆಲಸಗಾರರು ಆ ಕಟ್ಟಡವನ್ನು ಹೊಕ್ಕರು. ಕೂಲಿಗೆ ಹಣವಿಲ್ಲವೆಂದು ಕೇಳಿದ್ದ ಜನರ ಕಣ್ಣಮುಂದೆ ದೀಪಗಳ ಸಾಲಿನ ಕೆಳಗೆ ಥಳಥಳಿಸುವ ಆ ಕಾರುಗಳು ನಿಂತಿದ್ದವು. ಅವರ ಎದೆಯಲ್ಲಿ ಎದ್ದ ಭಾವವನ್ನು ಊಹಿಸುವುದು ಕಷ್ಟವಲ್ಲ. ಅವರು ಆ ಸ್ಥಳವನ್ನು ಸುಮಾರು ಎರಡು ವರ್ಷ ತಮ್ಮ ವಶದಲ್ಲಿಟ್ಟುಕೊಂಡು, ಕಾರ್ಮಿಕರ ಸಂಗ್ರಹಾಲಯವೆಂದು ಹೆಸರಿಟ್ಟು ಸಾರ್ವಜನಿಕರಿಗೆ ಬಾಗಿಲು ತೆರೆದರು. ಸರಕಾರವು 1978ರಲ್ಲಿ ಆ ಸಂಗ್ರಹವನ್ನು ರಾಷ್ಟ್ರದ ಚಾರಿತ್ರಿಕ ಸ್ವತ್ತೆಂದು ಸಾರಿತು. 1982ರಲ್ಲಿ ಅದು ರಾಷ್ಟ್ರೀಯ ಸಂಗ್ರಹಾಲಯವಾಗಿ ತೆರೆಯಿತು.

ಈ ವೃತ್ತಾಂತದಲ್ಲಿ ಗಮನಿಸತಕ್ಕ ಅಂಶವೊಂದಿದೆ. 1976ರಲ್ಲಿದ್ದ ಕಾರುಗಳೇ 1982ರಲ್ಲಿಯೂ ಇದ್ದವು. ಒಂದು ಮೊಳೆಯೂ ಬದಲಾಗಿರಲಿಲ್ಲ. ಆದರೂ ಮೊದಲು ಅವು ಅನ್ಯಾಯದ ಸಾಕ್ಷಿಗಳಾಗಿ ತೋರಿದವು, ಆಮೇಲೆ ಒಂದು ನಾಡಿನ ಹೆಮ್ಮೆಯಾಗಿ ತೋರಿದವು. ಬಾಗಿಲು ತೆರೆದುದೇ ಈ ವ್ಯತ್ಯಾಸಕ್ಕೆ ಕಾರಣ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಫ್ರಿಟ್ಜನ ಆ ಹುಚ್ಚು ಮೋಹವಿಲ್ಲದಿದ್ದರೆ ಈ ಕಾರುಗಳಲ್ಲಿ ಎಷ್ಟೋ ಗುಜರಿಗೆ ಹೋಗಿ ಕರಗುತ್ತಿದ್ದವು, ಇಂದು ಲಕ್ಷಾಂತರ ಜನ ನೋಡುವ ಭಾಗ್ಯವು ಅವನ ಆಸೆಯಿಂದಲೇ ಬಂದುದಲ್ಲವೆ? ಈ ಮಾತಿನಲ್ಲಿ ಸತ್ಯವುಂಟು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಉಳಿಸುವವನು ಬೇಕು. ಆದರೆ ಉಳಿಸುವವನು ಬೇರೆ, ಆಳುವವನು ಬೇರೆ. ಕೆರೆಯ ನೀರಗಂಟಿಯು ತೂಬಿನ ಕೀಲಿಯನ್ನು ಇಟ್ಟುಕೊಳ್ಳುತ್ತಾನೆ. ಅದರಿಂದ ನೀರು ಅವನದಾಗುವುದಿಲ್ಲ. ಸಂಗ್ರಾಹಕನು ತಾನು ನೀರಗಂಟಿಯೆಂದು ತಿಳಿದಿರುವವರೆಗೆ ಅವನ ಹವ್ಯಾಸವು ಲೋಕೋಪಕಾರಿ. ಕೆರೆಯೇ ತನ್ನದೆಂದ ದಿನ, ಬೆಳೆ ಒಣಗಿದರೂ ಅವನು ತೂಬನ್ನೆತ್ತಲಾರನು. ಅಲ್ಲದೆ, ಕೊನೆಯಲ್ಲಿ ಒಳಿತಾಯಿತೆಂಬುದು ನಡುವೆ ನಡೆದ ಅನ್ಯಾಯಕ್ಕೆ ಉತ್ತರವಾಗಲಾರದು. ಕೆಲಸ ಕಳೆದುಕೊಂಡವನ ಮನೆಯಲ್ಲಿ ಒಲೆ ಉರಿಯದ ದಿನಗಳನ್ನು ಯಾವ ಸಂಗ್ರಹಾಲಯವೂ ಹಿಂದಿರುಗಿಸಿಕೊಡದು.

ಐದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಇಲ್ಲಿ ತಾನಾಗಿ ನೆನಪಿಗೆ ಬರುತ್ತದೆ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸಗೊಡದೆ, ತಂದಲ್ಲಿಯೇ ಸುರಿದು ಬರಲು ಹೇಳಿ ಹಿಂದಕ್ಕೆ ಕಳುಹಿದಳು. ಅಕ್ಕಿ ಕೆಟ್ಟ ವಸ್ತುವಲ್ಲ, ಮಾರಯ್ಯನು ಕಳ್ಳನೂ ಅಲ್ಲ. ಅವಳು ಕಂಡದ್ದು ಅಕ್ಕಿಯ ರಾಶಿಯ ಹಿಂದೆ ತಲೆಯೆತ್ತುತ್ತಿದ್ದ ಆಸೆಯನ್ನು. ಎರಡು ಹಿಡಿ ಅಕ್ಕಿಯಲ್ಲಿ ಕಾಣಬಹುದಾದ ದೋಷವು ನಾನೂರು ಕಾರುಗಳಲ್ಲಿ ಇರಲಾರದೆನ್ನುವುದು ಹೇಗೆ?

ಬಚ್ಚಿಡುವವನ ಮಾತು ಹೀಗಾಯಿತು. ಮೆರೆಸುವವನ ರೀತಿ ಬೇರೆ. ಅವನು ಬಾಗಿಲನ್ನು ತೆರೆಯುತ್ತಾನೆ, ಜನರನ್ನು ಕರೆಯುತ್ತಾನೆ. ಆದರೆ ಅವನಿಗೆ ಬೇಕಾದುದು ನೋಡುವವರ ಸಂತೋಷವಲ್ಲ, ಅವರ ಕರುಬು. ಹಂಚಿಕೊಳ್ಳುವವನ ಬಳಿಯಿಂದ ಹೋಗುವವನು ಏನನ್ನೋ ಪಡೆದು ಹೋಗುತ್ತಾನೆ. ಮೆರೆಸುವವನ ಬಳಿಯಿಂದ ಹೋಗುವವನು ತನ್ನಲ್ಲಿಲ್ಲದುದನ್ನು ನೆನೆದು ಕುಗ್ಗಿ ಹೋಗುತ್ತಾನೆ. ಅತಿವೇಗದ ಕಾರನ್ನು ಪಂದ್ಯದ ಅಂಗಳಕ್ಕೆ ಒಯ್ದು ಓಡಿಸಿದರೆ, ನೋಡಬಂದವರು ಆ ವೇಗವನ್ನು ಒಪ್ಪಿ ಬಂದವರು. ಅದೇ ಕಾರನ್ನು ಊರ ರಸ್ತೆಯಲ್ಲಿ ಅದೇ ವೇಗದಿಂದ ಓಡಿಸಿದರೆ, ತರಕಾರಿಯ ಬುಟ್ಟಿ ಹೊತ್ತ ಮುದುಕಿಯೂ ಶಾಲೆಗೆ ಹೋಗುವ ಮಗುವೂ ಬೇಡದ ಪಂದ್ಯದೊಳಕ್ಕೆ ಎಳೆಯಲ್ಪಡುತ್ತಾರೆ. ವೇಗವು ಎರಡರಷ್ಟಾದರೆ ಡಿಕ್ಕಿಯ ಬಲವು ನಾಲ್ಕರಷ್ಟಾಗುತ್ತದೆ. ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರವೂ ಸುಮಾರು ನಾಲ್ಕರಷ್ಟೇ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವವನು ತಪ್ಪಿಸಬಲ್ಲ ಮಗುವನ್ನು 120ರಲ್ಲಿ ಹೋಗುವವನು ತಪ್ಪಿಸಲಾರನು. ಒಬ್ಬನ ವಿನೋದಕ್ಕೆ ಇನ್ನೊಬ್ಬನ ಪ್ರಾಣವನ್ನು ಪಣವಾಗಿಡುವ ಅಧಿಕಾರವು ಯಾವ ಒಡೆತನದಿಂದಲೂ ಬರುವುದಿಲ್ಲ.

ಬಂದೂಕಿನ ವಿಷಯವು ಇನ್ನೂ ಸೂಕ್ಷ್ಮವಾದುದು. ಕಾರು ಕೊಲ್ಲುವುದು ತಪ್ಪಿನಿಂದ. ಬಂದೂಕು ಕೊಲ್ಲುವುದಕ್ಕೆಂದೇ ಹುಟ್ಟಿದುದು. ಕಾಲ ಕಳೆದಂತೆ ಕೆಲವು ಬಂದೂಕುಗಳು ಆ ಕ್ರೌರ್ಯವನ್ನು ಕಳೆದುಕೊಂಡು ಶುದ್ಧ ಕಲೆಯಾಗಿ ಉಳಿಯುತ್ತವೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯ ಕುಶಲಕರ್ಮಿಗಳು ಹುಲಿಯ ಆಕೃತಿಗಳಿಂದ ಅಲಂಕರಿಸಿ ಮಾಡಿದ ಚಕಮಕಿ ಬಂದೂಕುಗಳು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಕೊಳ್ಳೆಯಾಗಿ ಹೋದವು. 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅವನ ಕಾಲದ ಆಯುಧಗಳು ಭಾರಿ ಬೆಲೆಗೆ ಮಾರಾಟವಾದವು. ಇವನ್ನು ಯಾರೂ ಗುಂಡು ಹಾರಿಸಲು ಕೊಳ್ಳುವುದಿಲ್ಲ. ಆದರೆ ಸಂಗ್ರಹದ ಹೆಸರಿನಲ್ಲಿ ಇಂದು ಮನೆಮನೆಗಳಲ್ಲಿ ಸೇರಿರುವ ಬಂದೂಕುಗಳೆಲ್ಲ ಇಂಥವಲ್ಲ. ಅಮೆರಿಕದಲ್ಲಿ ಜನಸಾಮಾನ್ಯರ ಬಳಿಯಿರುವ ಬಂದೂಕುಗಳು 2017ರಲ್ಲಿ ಮಾಡಿದ ಒಂದು ಅಂದಾಜಿನ ಪ್ರಕಾರ 39 ಕೋಟಿಯನ್ನು ಮೀರಿದ್ದವು. ಆ ದೇಶದ ಜನಸಂಖ್ಯೆಗಿಂತ ಅದು ಹೆಚ್ಚು. ಭಾರತದಲ್ಲಿ 2019ರ ತಿದ್ದುಪಡಿಯಿಂದ ಸಾಮಾನ್ಯ ಪರವಾನಗಿದಾರನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಕಾನೂನು ಸಂಖ್ಯೆಯನ್ನು ಎಣಿಸಬಲ್ಲದು. ಆದರೆ ಗೋಡೆಯ ಮೇಲೆ ತೂಗುವ ಬಂದೂಕು ನೋಡುವವನ ಮನಸ್ಸಿನಲ್ಲಿ ಮೆಚ್ಚುಗೆ ಹುಟ್ಟಿಸುತ್ತದೆಯೋ ಭಯ ಹುಟ್ಟಿಸುತ್ತದೆಯೋ ಎಂಬುದನ್ನು ಒಡೆಯನೇ ಕೇಳಿಕೊಳ್ಳಬೇಕು.

ಆಯುಧವನ್ನು ಹಂಚಿಕೊಳ್ಳುವ ಮರ್ಯಾದೆಯನ್ನು ಕೊಡಗಿನ ಕೈಲ್ ಮುಹೂರ್ತದ ಹಬ್ಬದಲ್ಲಿ ಕಾಣಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿಯಿದೆ. ಗದ್ದೆಯ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಬರುವ ಈ ಹಬ್ಬದಲ್ಲಿ ಮನೆತನದ ಬಂದೂಕುಗಳನ್ನು ತೊಳೆದು ಒರಸಿ, ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಬಳಿಕ ಎಲ್ಲರೂ ಬಯಲಿಗೆ ಹೋಗಿ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಸದ್ದನ್ನು ಕೇಳಿದ ನೆರೆಯವರು ಬಂದು ಸೇರುತ್ತಾರೆ. ಅಲ್ಲಿ ಬಂದೂಕಿನ ಸದ್ದು ಬೆದರಿಕೆಯಲ್ಲ, ಕರೆ. ಬಂದೂಕು ಎಲ್ಲಿದ್ದರೂ ಬಂದೂಕೇ; ಕೋಪದ ಕೈಗೆ ಸಿಕ್ಕರೆ ಅದು ಪೂಜೆಯನ್ನು ನೆನೆಯುವುದಿಲ್ಲ, ನಿಜ. ಆದರೂ ಒಬ್ಬನ ಅಹಂಕಾರಕ್ಕೆ ಬಿಡದೆ, ಮನೆತನದ ಹಿರಿಯರ ಕಣ್ಣಿನ ಕೆಳಗೆ, ಊರಿನ ಸುಖದುಃಖಕ್ಕೆ ಅದನ್ನು ಕಟ್ಟಿಹಾಕಿದ ವಿವೇಕವು ಮೆಚ್ಚತಕ್ಕದ್ದು.

ಇಷ್ಟೆಲ್ಲ ದೂರದ ಮಾತು, ಸಾಮಾನ್ಯ ಗೃಹಸ್ಥನಿಗೆ ಇದರಿಂದೇನು ಎನ್ನಬಾರದು. ಆಯುಧಪೂಜೆಯ ದಿನ ಕರ್ನಾಟಕದ ಬೀದಿಬೀದಿಗಳಲ್ಲಿ ವಾಹನಗಳು ಬಾಳೆಕಂದು, ಚೆಂಡುಹೂವುಗಳಿಂದ ಸಿಂಗರಗೊಂಡು ನಿಲ್ಲುತ್ತವೆ. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಕುಂಬಳಕಾಯಿ. ಬುಗಾಟಿಯಾಗಲಿ, ಸಾಲ ಮಾಡಿ ಕೊಂಡ ಸಣ್ಣ ಕಾರಾಗಲಿ, ಒಡೆಯನ ಎದೆಯಲ್ಲಿ ಏಳುವ ಹಿಗ್ಗು ಒಂದೇ ಜಾತಿಯದು. ಆ ಹೊತ್ತಿನಲ್ಲಿ ಅವನು ತನ್ನನ್ನು ತಾನು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇದರ ಬೆಲೆಯಲ್ಲಿ ಯಾರಿಗಾದರೂ ಸಲ್ಲಬೇಕಾದ ಕೂಲಿ ಸೇರಿದೆಯೇ? ಇದನ್ನು ಕಂಡ ನೆರೆಯವನಿಗೆ ಹಿಗ್ಗಾಗುತ್ತದೆಯೋ, ಕುಗ್ಗಾಗುತ್ತದೆಯೋ? ಇದು ನಾಳೆ ಇಲ್ಲವಾದರೆ ತಾನು ತಾನಾಗಿ ಉಳಿಯುವೆನೇ? ಮೂರಕ್ಕೂ ಅಂಜದೆ ಉತ್ತರ ಹೇಳಬಲ್ಲವನು ವಸ್ತುವಿಗೆ ಒಡೆಯ. ಹೇಳಲಾರದವನಿಗೆ ವಸ್ತುವೇ ಒಡೆಯ.

ನಡುರಾತ್ರಿಯಲ್ಲಿ ನೆರೆಮನೆಯ ಬಸುರಿಗೆ ನೋವು ಕಾಣಿಸಿಕೊಂಡು, ಅವರ ಮನೆಯವರು ಬಂದು ಬಾಗಿಲು ತಟ್ಟಿದಾಗ, ಹೊಸ ಆಸನವು ಕೊಳೆಯಾದೀತೆಂಬ ಯೋಚನೆ ಮೊದಲು ಬಾರದೆ ಕೈ ತಾನಾಗಿ ಕೀಲಿಯ ಕಡೆಗೆ ಹೋದರೆ, ಆಯುಧಪೂಜೆಯ ದಿನ ಆ ಗೃಹಸ್ಥನು ತನ್ನ ಕಾರಿಗೆ ಹಾಕಿದ ಹೂಮಾಲೆ ಸಾರ್ಥಕವಾಯಿತೆಂದು ತಿಳಿಯಬಹುದು.