ಹಕ್ಕಿಗೆ ಕಾಳೋ, ಅಭಯವೋ?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ಮೈಸೂರಿನ ಆಸುಪಾಸಿನ ಕೆರೆಗಳಲ್ಲಿ ಎರಡು ಬಗೆಯ ಸಡಗರ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಚಳಿಗಾಲ ಕಳೆದ ಪಟ್ಟೆತಲೆ ಹೆಬ್ಬಾತುಗಳು ಉತ್ತರಕ್ಕೆ ಹೊರಡುವ ಕಾಲ ಅದು. ನಗರದ ನಡುವಿನ ಕುಕ್ಕರಹಳ್ಳಿ ಕೆರೆಯಲ್ಲಾದರೆ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಮರಗಳ ಮೇಲೆ ಸಂಸಾರ ಹೂಡಿರುತ್ತವೆ. ಹೆಬ್ಬಾತುಗಳ ದಾರಿ ಹಿಮಾಲಯದಾಚೆಯ ಟಿಬೆಟ್, ಮಂಗೋಲಿಯಾಗಳವರೆಗೆ. 7,000 ಮೀಟರಿಗೂ ಮೇಲೆ ಅವು ಹಾರಿದ್ದನ್ನು ಉಪಗ್ರಹದ ನೆರವಿನಿಂದ ವಿಜ್ಞಾನಿಗಳು ದಾಖಲಿಸಿದ್ದಾರೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಹೀರಿಕೊಳ್ಳಬಲ್ಲ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ.

ಇಂಥ ಅತಿಥಿಗೆ ಮನುಷ್ಯ ಕೊಡಬಲ್ಲ ದಾನ ಯಾವುದು?

ಪಾರಿವಾಳಗಳಿಗೆ ಕಾಳು ಚೆಲ್ಲುವವರ ಬಳಿ ಇದಕ್ಕೆ ಸಿದ್ಧ ಉತ್ತರವಿದೆ. ಆ ಉತ್ತರವನ್ನು ಹಗುರವಾಗಿ ಕಾಣುವಂತಿಲ್ಲ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ತಾನು ಉಣ್ಣುವ ಮೊದಲು ಇತರ ಜೀವಿಗಳ ಪಾಲು ತೆಗೆದಿಡಬೇಕು. ಜೈನರಿಗಂತೂ ಜೀವದಯೆಯೇ ಧರ್ಮದ ಬೇರು. ಆದರೆ ಬೇಡಿದಷ್ಟು ಕಾಳು ಸಿಕ್ಕರೆ ಪಾರಿವಾಳ ವರ್ಷವಿಡೀ ಮರಿ ಮಾಡುತ್ತದೆ. ಹಿಕ್ಕೆಯ ಆಮ್ಲ ಹಳೆಯ ಕಟ್ಟಡಗಳ ಕಲ್ಲು, ಗಾರೆಗಳನ್ನು ತಿನ್ನುತ್ತದೆ, ಅದರ ಧೂಳು ಕೆಲವರ ಶ್ವಾಸಕೋಶಕ್ಕೆ ಕುತ್ತಾಗುತ್ತದೆ. 2025ರಲ್ಲಿ ಇದೇ ಆತಂಕದಿಂದ ಮುಂಬಯಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ದಾದರ್ ಕಬೂತರ್‌ಖಾನೆಯನ್ನು ಮುಚ್ಚಿದಾಗ ಭಕ್ತರು ಬೀದಿಗಿಳಿದರು. ಎರಡೂ ಕಡೆಯವರು ಜೀವದ ಹೆಸರಿನಲ್ಲೇ ಮಾತಾಡಿದರು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಈ ಬಿಕ್ಕಟ್ಟಿಗೆ ಬೇರೆಯದೇ ದಾರಿ ತೋರಿಸುತ್ತದೆ. ಅಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಹಕ್ಕಿ ಕೂತ ಮರದ ಹುಣಸೆ ಕೀಳದೆ ಬಿಡುವುದೆಂದರೆ ಮನೆಯ ವರಮಾನವನ್ನೇ ಬಿಟ್ಟುಕೊಟ್ಟಂತೆ. ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ, ನಿಜ. ಆದರೆ ಇಲಾಖೆ ಬರುವ ಎಷ್ಟೋ ಮೊದಲಿನಿಂದ ಈ ನಂಟು ನಡೆದು ಬಂದಿದೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಬೆಳೆದ ಹಕ್ಕಿಗಳು ತಮ್ಮ ಮೀನನ್ನು ತಾವೇ ಹಿಡಿದು ತರುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು ಮಾತ್ರ ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾರೆ. ಕಷ್ಟದಲ್ಲಿರುವ ಜೀವಕ್ಕೆ ಅನ್ನ, ಉಳಿದವಕ್ಕೆ ನಿರ್ಭೀತ ನೆಲೆ. ಇಷ್ಟು ಸೂಕ್ಷ್ಮವಾದ ವಿವೇಕವನ್ನು ಯಾವ ಗ್ರಂಥವೂ ಅವರ ಕೈಗಿಡಲಿಲ್ಲ.

ಹಾಗೆಂದು ಪರಂಪರೆ ಈ ವಿಷಯದಲ್ಲಿ ಮೂಕವಾಗಿಲ್ಲ. ಶ್ರವಣಬೆಳಗೊಳದ ಶಾಸನಗಳು ದಾನಿಗಳನ್ನು ಹೊಗಳುವಾಗ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಒಟ್ಟಿಗೆ ಹೇಳುತ್ತವೆ. ಕಾಳು ಚೆಲ್ಲುವ ಕೈ ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆತಿದೆ. ಆಹಾರದಾನ ಸುಲಭ, ಕೊಟ್ಟವರ ಕಣ್ಣಿಗೆ ಫಲ ಕೂಡಲೇ ಕಾಣುತ್ತದೆ. ಅಭಯದಾನಕ್ಕೆ ತಾನು ಹಿಂದೆ ಸರಿಯಬೇಕು, ತನ್ನದೆಂಬ ಜಾಗ ಬಿಡಬೇಕು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯಕ್ಕೆ ಓಗೊಟ್ಟು ಮೈಸೂರಿನ ಅರಸರು ಕಾವೇರಿಯ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿದಾಗ ಕೊಟ್ಟದ್ದು ಈ ಬಗೆಯ ದಾನವನ್ನೇ. 2022ರಲ್ಲಿ ರಂಗನತಿಟ್ಟಿಗೆ ಜೌಗುನೆಲೆಗಳಿಗೆ ಸಲ್ಲುವ ಅಂತರರಾಷ್ಟ್ರೀಯ ರಾಮ್‌ಸಾರ್ ಮನ್ನಣೆಯೂ ಬಂತು.

ಕಾಳು ಹಾಕುವ ಮುದುಕರ ಪ್ರೀತಿ ಸುಳ್ಳಲ್ಲ. ಒಂಟಿಯಾದ ಎಷ್ಟೋ ಜನರಿಗೆ ದಿನದಲ್ಲಿ ಇನ್ನೊಂದು ಜೀವ ಹತ್ತಿರ ಬರುವುದು ಆ ಗಳಿಗೆಯಲ್ಲಿ ಮಾತ್ರ. ಅವರನ್ನು ಗದರಿಸಿ ಓಡಿಸುವುದು ಇನ್ನೊಂದು ಬಗೆಯ ಹಿಂಸೆ. ಅವರ ಕೈಗೆ ಬೇರೆ ಕೆಲಸ ಕೊಡಬೇಕು: ಬಿಸಿಲಿಗೆ ತಾರಸಿಯ ಮೇಲೊಂದು ನೀರಿನ ಬಟ್ಟಲು, ಬೀದಿಯಂಚಿನಲ್ಲೊಂದು ಅತ್ತಿಯ ಸಸಿ.

ಈ ಸಲ ಹದಿನಾರು ಕೆರೆಯ ಏರಿಗೆ ಹೋಗುವವರು ಪುರಿಯ ಪೊಟ್ಟಣ, ಬ್ರೆಡ್ಡು ಒಯ್ಯುವುದು ಬೇಡ. ಹೆಬ್ಬಾತುಗಳು ರಾತ್ರಿ ಗದ್ದೆಗಳಲ್ಲಿ ಮೇದು ಹಗಲು ನೀರಿಗೆ ಬರುವುದು ವಿಶ್ರಾಂತಿಗೆ. ಫೋಟೋಗಾಗಿ ಅವನ್ನು ಎಬ್ಬಿಸಬೇಡಿ. ಮುಂದೆ ದಾಟಬೇಕಾದದ್ದು ಹಿಮಾಲಯ.